ಕೋಳಿಯಿಂದ ಮನುಷ್ಯನಿಗೆ: ಹಕ್ಕಿ ಜ್ವರ ದಾಟುವ ದಾರಿ, ಅದನ್ನು ತಡೆಯುವ ಜಾಗ

ಎಲ್ಲೋ ಕೋಳಿಗಳು ಸತ್ತ ಸುದ್ದಿ ಬಂದ ಮರುದಿನವೇ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಚಿಕನ್ ಅಂಗಡಿಗಳ ಮುಂದೆ ಜನ ಕಡಿಮೆಯಾಗುತ್ತಾರೆ. ಬ್ರಾಯ್ಲರ್ ದರ ಬೀಳುತ್ತದೆ, ಮೊಟ್ಟೆ ಹಾಗೇ ಉಳಿಯುತ್ತದೆ. ಅದೇ ವಾರ ತೋಟದ ಲೈನ್ ಮನೆಯ ಹಿಂದೆ ತೂಕಡಿಸುತ್ತ ನಿಂತ ನಾಟಿ ಕೋಳಿಯನ್ನು ‘ಸಾಯೋದಕ್ಕೆ ಮುಂಚೆ ಕೊಯ್ದುಬಿಡೋಣ’ ಎಂದು ಕೊಯ್ದು, ಬರಿಗೈಯಲ್ಲಿ ಪುಕ್ಕ ಕಿತ್ತು, ಕರುಳು ತೆಗೆಯುವುದು ಮಾತ್ರ ನಿಲ್ಲುವುದಿಲ್ಲ. ಚೆನ್ನಾಗಿ ಬೆಂದ ಕೋಳಿ ಸಾರಿನಿಂದ ಹಕ್ಕಿ ಜ್ವರ ಬರುವುದಿಲ್ಲ. ಕಾಯಿಲೆ ಬಿದ್ದ ಕೋಳಿಯನ್ನು ಕೊಯ್ದು ಹಸನು ಮಾಡುವಾಗ ಬರಬಹುದು. ಜನ ಹೆದರುವುದು ಒಂದು ಕಡೆಗೆ, ಅಪಾಯ ಇರುವುದು ಇನ್ನೊಂದು ಕಡೆ. ವೈರಸ್ ಯಾವ ದಾರಿಯಲ್ಲಿ ದಾಟುತ್ತದೆ ಎಂಬುದು ತಿಳಿದರೆ ನಮ್ಮ ಕೋಳಿ ಗೂಡು, ಹಂದಿ ಕೊಟ್ಟಿಗೆ, ಸಂತೆ, ಗೊಬ್ಬರದ ರಾಶಿ ಇವುಗಳಲ್ಲಿ ಅದನ್ನು ಎಲ್ಲಿ ತಡೆಯಬೇಕೆಂಬುದೂ ತಿಳಿಯುತ್ತದೆ.

ಗಂಟಲಿಗೆ ಅಂಟುವುದಿಲ್ಲ, ಶ್ವಾಸಕೋಶದ ಆಳಕ್ಕೆ ಅಂಟುತ್ತದೆ

ಹಕ್ಕಿ ಜ್ವರ ತರುವುದು ಇನ್‌ಫ್ಲುಯೆಂಜಾ ‘ಎ’ ವೈರಸ್. ನಮ್ಮಲ್ಲಿ ಮಳೆಗಾಲದಲ್ಲೂ ಜನವರಿಯಿಂದ ಮಾರ್ಚ್‌ವರೆಗೂ ಹರಡುವ ಮಾಮೂಲಿ ಫ್ಲೂ ಜ್ವರದಲ್ಲಿ ಬಹುಪಾಲು ಇದೇ ಬಳಗದ್ದು. ಈ ವೈರಸ್ಸಿನ ಹೊರಮೈ ತುಂಬ ಎರಡು ಬಗೆಯ ಪ್ರೋಟೀನ್ ಮುಳ್ಳುಗಳಿರುತ್ತವೆ. ಹೀಮಾಗ್ಲುಟಿನಿನ್ ಎಂಬುದು ಜೀವಕೋಶಕ್ಕೆ ಅಂಟಿಕೊಳ್ಳಲು. ನ್ಯೂರಾಮಿನಿಡೇಸ್ ಎಂಬುದು ಕೋಶದೊಳಗೆ ಹುಟ್ಟಿದ ಹೊಸ ವೈರಸ್‌ಗಳು ಕಳಚಿಕೊಂಡು ಹೊರಡಲು. ಹಕ್ಕಿಗಳಲ್ಲಿ ಮೊದಲನೆಯದರ 16 ಬಗೆ, ಎರಡನೆಯದರ 9 ಬಗೆ ಬಹುಕಾಲದಿಂದ ಗೊತ್ತಿವೆ. ಎಚ್5ಎನ್1 ಎಂದರೆ ಐದನೇ ಬಗೆಯ ಹೀಮಾಗ್ಲುಟಿನಿನ್ ಮತ್ತು ಒಂದನೇ ಬಗೆಯ ನ್ಯೂರಾಮಿನಿಡೇಸ್ ಹೊತ್ತ ವೈರಸ್.

ಅಂಟಿಕೊಳ್ಳಲು ಕೋಶದ ಮೇಲೆ ಸಯಾಲಿಕ್ ಆಮ್ಲ ಎಂಬ ಸಕ್ಕರೆಯ ತುದಿ ಇರಬೇಕು. ಆ ತುದಿ ಪಕ್ಕದ ಸಕ್ಕರೆಗೆ ಕೂಡಿಕೊಳ್ಳುವ ರೀತಿ ಮುಖ್ಯವಾಗಿ ಎರಡು: ಆಲ್ಫಾ 2-3 ಮತ್ತು ಆಲ್ಫಾ 2-6. ಹಕ್ಕಿಗಳ ವೈರಸ್ ಹುಡುಕುವುದು 2-3 ಬಗೆಯನ್ನು. ಬಾತುಗಳ ಕರುಳಿನಲ್ಲಿ ಅದು ಯಥೇಚ್ಛವಾಗಿದೆ. ಮನುಷ್ಯನ ಮೂಗು, ಗಂಟಲಿನಲ್ಲಿ ಇರುವುದು ಹೆಚ್ಚಾಗಿ 2-6. ನಮ್ಮಲ್ಲಿ 2-3 ಬಗೆ ಸಿಗುವುದು ಶ್ವಾಸಕೋಶದ ತೀರಾ ಆಳದಲ್ಲಿ, ಜೊತೆಗೆ ಕಣ್ಣಿನ ಬಿಳಿಭಾಗವನ್ನು ಹೊದಿಸಿದ ತೆಳು ಪದರದಲ್ಲಿ. ಈ ಕಾಯಿಲೆಯ ಅರ್ಧ ವಿವರಣೆ ಇಷ್ಟರಲ್ಲೇ ಇದೆ. ವೈರಸ್ ಆಳಕ್ಕಿಳಿದರೆ ನ್ಯುಮೋನಿಯಾ ಆಗಿ ಜೀವಕ್ಕೆ ಎರವಾಗುತ್ತದೆ. ಗಂಟಲಿನಲ್ಲಿ ಬೀಡುಬಿಡಲಾರದ ಕಾರಣ ಕೆಮ್ಮು, ಸೀನಿನ ಮೂಲಕ ಪಕ್ಕದವರಿಗೆ ಸುಲಭವಾಗಿ ಹರಡುವುದಿಲ್ಲ. ಕಣ್ಣಿಗೆ ಮಾತ್ರ ತಗುಲಿದರೆ ಕಣ್ಣು ಕೆಂಪಾಗಿ ಅಲ್ಲಿಗೇ ಮುಗಿಯಲೂಬಹುದು.

ಇನ್ನೊಂದು ಅಡ್ಡಿ ತಾಪಮಾನದ್ದು. ಹಕ್ಕಿಯ ಮೈ 40ರಿಂದ 42 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ, ನಮ್ಮ ಮೂಗಿನೊಳಗೆ ಸುಮಾರು 33 ಡಿಗ್ರಿ. ಆ ಬಿಸಿಗೆ ಒಗ್ಗಿದ ವೈರಸ್ ಈ ತಂಪಿನಲ್ಲಿ ನಿಧಾನವಾಗಿ ಹೆಚ್ಚುತ್ತದೆ. ಪಿಬಿ2 ಎಂಬ ಪ್ರೋಟೀನಿನ 627ನೇ ಜಾಗದಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಈ ಅಡ್ಡಿ ಬಹುಮಟ್ಟಿಗೆ ಹೋಗುತ್ತದೆ. ಆ ಬದಲಾವಣೆ ಸೋಂಕಿತ ಮನುಷ್ಯರಲ್ಲಿ ಹಲವು ಸಲ ಕಂಡಿದೆ. 2024ರ ಕೊನೆಯಲ್ಲಿ ಪ್ರಕಟವಾದ ಪ್ರಯೋಗವೊಂದು, ಅಮೆರಿಕದ ಹಸುಗಳಲ್ಲಿ ಹರಡಿದ ಎಚ್5ಎನ್1ನ ಹೀಮಾಗ್ಲುಟಿನಿನ್‌ನಲ್ಲಿ ಒಂದೇ ಒಂದು ಬದಲಾವಣೆಯಾದರೂ ಅದು 2-6 ಬಗೆಯ ಕಡೆಗೆ ತಿರುಗಬಲ್ಲದು ಎಂದು ತೋರಿಸಿತು. ಅಷ್ಟರಿಂದಲೇ ಮಹಾಪಿಡುಗು ಹುಟ್ಟುವುದಿಲ್ಲ. ಅಂಟಿಕೊಳ್ಳುವುದು, ತಂಪಿನಲ್ಲಿ ಬೆಳೆಯುವುದು, ಗಾಳಿಯಲ್ಲಿ ಹಾಳಾಗದೆ ಉಳಿಯುವುದು ಎಲ್ಲವೂ ಒಂದೇ ವೈರಸ್ಸಿನಲ್ಲಿ ಕೂಡಬೇಕು. ಆದರೆ ಒಬ್ಬೊಬ್ಬ ಮನುಷ್ಯನಿಗೆ ಸೋಂಕು ದಾಟಿದಾಗಲೂ ವೈರಸ್ಸಿಗೆ ಇಂಥ ಬದಲಾವಣೆಗಳನ್ನು ಕೂಡಿಸಿಕೊಳ್ಳಲು ಒಂದೊಂದು ಅವಕಾಶ ಸಿಗುತ್ತದೆ. ದಾಟುವ ಸಂದರ್ಭಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕು ಎಂದು ತಜ್ಞರು ಪಟ್ಟು ಹಿಡಿಯುವುದು ಈ ಕಾರಣಕ್ಕೆ.

ಕೋಳಿಗಳು ಮಾತ್ರ ಯಾಕೆ ಗುಂಪುಗುಂಪಾಗಿ ಸಾಯುತ್ತವೆ? ಕೋಶದೊಳಗೆ ಹೋಗಬೇಕಾದರೆ ಹೀಮಾಗ್ಲುಟಿನಿನ್ ಮೊದಲು ಎರಡಾಗಿ ಸೀಳಬೇಕು. ಸೌಮ್ಯ ತಳಿಗಳಲ್ಲಿ ಅದನ್ನು ಸೀಳುವ ಕಿಣ್ವ ಕರುಳು ಮತ್ತು ಉಸಿರಾಟದ ನಾಳದಲ್ಲಷ್ಟೇ ಇರುವುದರಿಂದ ಸೋಂಕು ಅಲ್ಲಿಗೇ ನಿಲ್ಲುತ್ತದೆ. ಎಚ್5, ಎಚ್7 ಬಗೆಯ ಕೆಲವು ತಳಿಗಳಲ್ಲಿ ಸೀಳುವ ಜಾಗ ಬದಲಾಗಿ, ಮೈಯ ಬಹುತೇಕ ಎಲ್ಲ ಅಂಗಗಳಲ್ಲೂ ಇರುವ ಫ್ಯೂರಿನ್ ಎಂಬ ಕಿಣ್ವವೇ ಆ ಕೆಲಸ ಮಾಡಿಬಿಡುತ್ತದೆ. ಆಗ ಮಿದುಳು, ಹೃದಯ, ಈಲಿ ಎಲ್ಲ ಕಡೆ ವೈರಸ್ ಬೆಳೆದು ಎರಡು ಮೂರು ದಿನದಲ್ಲಿ ಶೆಡ್ಡೇ ಖಾಲಿಯಾಗಬಹುದು. ಕಾಡುಬಾತುಗಳು ಅದೇ ವೈರಸ್ ಹೊತ್ತೂ ಆರೋಗ್ಯವಾಗಿ ಕಾಣುವುದುಂಟು; ದೂರ ಒಯ್ಯುವುದು ಅವೇ.

ಹಂದಿ ಕೊಟ್ಟಿಗೆಯ ಮೇಲೆ ಕಣ್ಣಿಡಬೇಕಾದ್ದು ಏಕೆ

ಇನ್‌ಫ್ಲುಯೆಂಜಾ ‘ಎ’ ವೈರಸ್ಸಿನ ವಂಶವಾಹಿ ಒಂದೇ ಎಳೆಯಾಗಿಲ್ಲ, ಎಂಟು ತುಂಡುಗಳಾಗಿದೆ. ಎರಡು ಬೇರೆ ಫ್ಲೂ ವೈರಸ್‌ಗಳು ಒಂದೇ ಕೋಶಕ್ಕೆ ಒಟ್ಟಿಗೆ ಹೊಕ್ಕರೆ, ಹೊರಬರುವ ಮರಿ ವೈರಸ್ಸಿನಲ್ಲಿ ಇದರ ಕೆಲವು ತುಂಡು, ಅದರ ಕೆಲವು ತುಂಡು ಸೇರಿರಬಹುದು. ಮದುವೆ ಮನೆಯಲ್ಲಿ ಎರಡು ಮನೆಗಳಿಂದ ತಂದ ಪಾತ್ರೆಗಳನ್ನು ಒಂದೇ ಕಡೆ ತೊಳೆಯಲು ಹಾಕಿದರೆ ವಾಪಸು ಹೋಗುವಾಗ ಅದಲುಬದಲಾಗುತ್ತವಲ್ಲ, ಹಾಗೆ. ಎಂಟು ತುಂಡು, ಪ್ರತಿಯೊಂದಕ್ಕೂ ಎರಡು ಆಯ್ಕೆ. ಲೆಕ್ಕ ಹಾಕಿದರೆ 256 ಬಗೆಯ ಜೋಡಣೆ ಸಾಧ್ಯ. ಹೆಚ್ಚಿನವು ನಿಷ್ಪ್ರಯೋಜಕ. ಒಂದು ಮಾತ್ರ ಸರಿಯಾಗಿ ಕೂಡಿದರೂ ಸಾಕು.

ಇದು ಊಹೆಯ ಮಾತಲ್ಲ. 1957ರ ಎಚ್2ಎನ್2, 1968ರ ಎಚ್3ಎನ್2 ಮಹಾಪಿಡುಗುಗಳು ಮನುಷ್ಯರ ಫ್ಲೂಗೆ ಹಕ್ಕಿ ಫ್ಲೂನ ತುಂಡುಗಳು ಸೇರಿ ಹುಟ್ಟಿದವು. 2009ರ ಏಪ್ರಿಲ್‌ನಲ್ಲಿ ಮೆಕ್ಸಿಕೊ, ಅಮೆರಿಕಗಳಲ್ಲಿ ಗುರುತಿಗೆ ಬಂದ ಎಚ್1ಎನ್1ನಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂರೂ ಮೂಲದ ತುಂಡುಗಳಿದ್ದವು. ಹಂದಿಗಳಲ್ಲಿ ವರ್ಷಗಳ ಕಾಲ ಬೆರೆತು ಮನುಷ್ಯನಿಗೆ ದಾಟಿತ್ತು. ಆ ವರ್ಷ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಹಾಪಿಡುಗು ಎಂದು ಘೋಷಿಸಿತು. ಇವತ್ತಿಗೂ ಅದರ ಸಂತತಿ ಪ್ರತಿವರ್ಷದ ಮಾಮೂಲಿ ಫ್ಲೂ ಆಗಿ ನಮ್ಮ ನಡುವೆಯೇ ಇದೆ, ಈಗ ಅದಕ್ಕೆ ಹಂದಿಯ ಹಂಗಿಲ್ಲ.

ಹಂದಿಯ ಉಸಿರಾಟದ ನಾಳದಲ್ಲಿ 2-3, 2-6 ಎರಡೂ ಬಗೆಯ ತುದಿಗಳಿವೆ. ಹಕ್ಕಿಯ ವೈರಸ್ಸೂ ಮನುಷ್ಯನ ವೈರಸ್ಸೂ ಅದಕ್ಕೆ ತಗುಲಬಲ್ಲವು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಹಂದಿ ಸಾಕುವವರು ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿಯಬೇಕು. ಹೋಟೆಲಿನ ಮುಸುರೆ, ಚಿಕನ್ ಅಂಗಡಿಯ ಕರುಳು, ತಲೆ, ಪುಕ್ಕವನ್ನು ಹಸಿಯಾಗಿ ಹಂದಿಗೆ ಹಾಕುವುದು ಖರ್ಚು ಉಳಿಸುತ್ತದೆ ನಿಜ, ಆದರೆ ಕೋಳಿಯ ವೈರಸ್ಸನ್ನು ಹಂದಿಯ ಬಾಯಿಗೇ ಕೊಟ್ಟಂತಾಗುತ್ತದೆ. ಹಾಕಲೇಬೇಕಾದರೆ ಹಂಡೆಯಲ್ಲಿ ನೀರು ಹಾಕಿ ಕುದಿ ಬಂದ ಮೇಲೆ ಕನಿಷ್ಠ ಅರ್ಧ ಗಂಟೆ, ನಡುನಡುವೆ ಕಲಕುತ್ತ ಬೇಯಿಸಬೇಕು. ಮೇಲೆ ಕುದಿಯುತ್ತಿದ್ದರೂ ತಳದ ದೊಡ್ಡ ಮುದ್ದೆಯ ನಡುಭಾಗ ಹಸಿ ಉಳಿಯುವುದೇ ಇಲ್ಲಿ ಆಗುವ ತಪ್ಪು. ಹಸಿ ತಂದ ಬಕೆಟ್ಟಿನಲ್ಲೇ ಬೆಂದದ್ದನ್ನು ತುಂಬಿದರೆ ಬೇಯಿಸಿದ ಶ್ರಮವೆಲ್ಲ ವ್ಯರ್ಥ. ಹಂದಿ ಗೂಡಿನ ಮೇಲೆಯೇ ಕೋಳಿ ಗೂಡು ಕಟ್ಟುವುದು, ಎರಡಕ್ಕೂ ಒಂದೇ ನೀರಿನ ತೊಟ್ಟಿ ಇಡುವುದು ಬೇಡವೇ ಬೇಡ. ಜ್ವರ, ಕೆಮ್ಮು ಇರುವ ಕೆಲಸಗಾರರು ವಾಸಿಯಾಗುವ ತನಕ ಹಂದಿ, ಕೋಳಿ ಎರಡರ ಹತ್ತಿರವೂ ಹೋಗಬಾರದು. ಮನುಷ್ಯನಿಂದಲೂ ಹಂದಿಗೆ ಫ್ಲೂ ದಾಟುತ್ತದೆ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ.

ಹಸುವಿನ ವಿಷಯಕ್ಕೆ ಬಂದರೆ, 2024ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್, ಕ್ಯಾನ್ಸಸ್ ಡೈರಿಗಳ ಹಸುಗಳಲ್ಲಿ ಎಚ್5ಎನ್1 ಪತ್ತೆಯಾಯಿತು. ಕೆಚ್ಚಲಿನಲ್ಲಿ ವೈರಸ್ ಬೆಳೆದು ಹಾಲು ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು, ಇಳುವರಿ ಬೀಳುತ್ತಿತ್ತು. ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಹಾಲು ಕರೆಯುವ ಯಂತ್ರದ ಮೂಲಕ ಹಸುವಿನಿಂದ ಹಸುವಿಗೆ ಹೋಯಿತು, ಕೆಲಸಗಾರರ ಕಣ್ಣಿಗೆ ಹಾಲು ಚಿಮ್ಮಿ ಅವರಿಗೂ ತಗುಲಿತು. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಅಥವಾ 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವ ಪಾಶ್ಚರೀಕರಣಕ್ಕೆ ಈ ವೈರಸ್ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಹಾಲು ಉಕ್ಕಿಸಿಯೇ ಕುಡಿಯುತ್ತೇವೆ, ಆ ರೂಢಿ ಬಿಡದಿದ್ದರೆ ಸಾಕು. ಕರೆದ ಹಾಲನ್ನು ಹಾಗೇ ಮಕ್ಕಳಿಗೆ ಕುಡಿಸುವುದು, ಹಸಿ ಹಾಲನ್ನು ಬೆಕ್ಕಿಗೆ ಹಾಕುವುದು ನಿಲ್ಲಲಿ. ಬೆಕ್ಕಿನ ಜಾತಿಗೆ ಈ ವೈರಸ್ ವಿಶೇಷವಾಗಿ ಮಾರಕ: 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡಾ ವನ್ಯಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಹುಲಿಗಳು ಮತ್ತು ಚಿರತೆ ಸತ್ತದ್ದು ಇದರಿಂದಲೇ.

ಎಷ್ಟು ಜನರಿಗೆ ಬಂದಿದೆ

ಎಚ್5ಎನ್1 ಮನುಷ್ಯನಿಗೆ ದಾಟಿದ್ದು ಮೊದಲು ಗೊತ್ತಾದದ್ದು 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ. 18 ಮಂದಿಗೆ ತಗುಲಿ 6 ಮಂದಿ ಸತ್ತರು. ಅಲ್ಲಿನ ಸರ್ಕಾರ ನಗರದ ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಿಸಿತು. 2003ರಿಂದ ಈಚೆಗೆ ಜಗತ್ತಿನಲ್ಲಿ ವರದಿಯಾದ ರೋಗಿಗಳು ಸಾವಿರದ ಆಸುಪಾಸು, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಉಳಿಯಲಿಲ್ಲ. ಈ ಅರ್ಧ ಎಂಬುದನ್ನು ಎಚ್ಚರದಿಂದ ಓದಬೇಕು: ಆಸ್ಪತ್ರೆಗೆ ಬಂದವರದ್ದಷ್ಟೇ ಲೆಕ್ಕ ಸಿಕ್ಕಿದೆ, ಕಣ್ಣು ಕೆಂಪಾಗಿ ಎರಡು ದಿನ ಜ್ವರ ಬಂದು ಹೋದವರು ಇದರಲ್ಲಿಲ್ಲ. ಹಾಗೆಂದು ಹಗುರ ಮಾಡುವಂತೆಯೂ ಇಲ್ಲ.

ಭಾರತದ ಕೋಳಿಗಳಲ್ಲಿ ಇದು ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಪಕ್ಕದ ಹೆಸರಘಟ್ಟದಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು. ಮೈಸೂರು, ದಾವಣಗೆರೆ ಎರಡೂ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಲ್ಲೆಗೆ ತಾಗಿದವು. ದೇಶದಲ್ಲಿ ಮನುಷ್ಯರ ಸಾವು ಮೊದಲು ದೃಢಪಟ್ಟದ್ದು 2021ರ ಜುಲೈಯಲ್ಲಿ, ಹರಿಯಾಣದ ಒಬ್ಬ ಬಾಲಕನದ್ದು. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗು ತೀರಿಕೊಂಡಿತು. ಅದು ಹಸಿ ಕೋಳಿ ಮಾಂಸದ ಚೂರು ತಿಂದಿತ್ತೆಂದು ಮನೆಯವರು ಹೇಳಿದ್ದರು. ಕೋಳಿ ಕತ್ತರಿಸುವ ಜಾಗದಲ್ಲಿ ಮಕ್ಕಳನ್ನು ಕೂರಿಸಿಕೊಳ್ಳಬೇಡಿ ಎಂದು ಪದೇಪದೇ ಹೇಳುವುದು ಇದಕ್ಕಾಗಿ.

ಊರಿಗೆ ಬರುವ ದಾರಿ

ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬಾತುಗಳು ನಮ್ಮ ಕೆರೆಗಳಿಗೆ ಇಳಿಯುತ್ತವೆ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದಂಥ ಮೈದಾನದ ತಾಲ್ಲೂಕುಗಳಲ್ಲಿ ಕೆರೆ ಅಂಚಿನ ಗದ್ದೆಗೆ ಅವೂ ಬರುತ್ತವೆ, ಮನೆ ಕೋಳಿಗಳೂ ಮೇಯಲು ಹೋಗುತ್ತವೆ. ವೈರಸ್ ಹಿಕ್ಕೆಯಲ್ಲಿ ಹೊರಬೀಳುತ್ತದೆ. 4 ಡಿಗ್ರಿಯ ತಂಪಿನಲ್ಲಿ ಅದು ಹಿಕ್ಕೆಯೊಳಗೆ 35 ದಿನವಾದರೂ ಜೀವಂತವಿರಬಲ್ಲದು, 37 ಡಿಗ್ರಿಯಲ್ಲಿ 6 ದಿನ. ನಮ್ಮಲ್ಲಿ 4 ಡಿಗ್ರಿ ಇಲ್ಲದಿದ್ದರೂ ತೋಟದ ನೆರಳಿನ ತೇವದಲ್ಲಿ ಅದಕ್ಕೆ ಬಯಲಿನ ಬಿಸಿಲಿಗಿಂತ ಹೆಚ್ಚು ಆಯುಷ್ಯ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೋಳಿಗಳನ್ನು ಕೆರೆ ಏರಿಯ ಕಡೆ ಬಿಡದೆ ಇರುವುದು, ಕೆರೆ ನೀರನ್ನು ನೇರವಾಗಿ ಕುಡಿಯಲು ಇಡದಿರುವುದು ನಾಟಿ ಕೋಳಿ, ಗಿರಿರಾಜ ಸಾಕುವವರು ಮಾಡಬಹುದಾದ ಮೊದಲ ಕೆಲಸ.

ಆದರೆ ಒಂದು ಫಾರಂನಿಂದ ಇನ್ನೊಂದಕ್ಕೆ ವೈರಸ್ ಹೋಗುವುದು ಹೆಚ್ಚಾಗಿ ಹಕ್ಕಿಯ ರೆಕ್ಕೆಯ ಮೇಲಲ್ಲ, ಮನುಷ್ಯನ ಚಪ್ಪಲಿ, ಲಾರಿ ಟೈರು, ಕೋಳಿ ತುಂಬುವ ಕ್ರೇಟು, ಮೊಟ್ಟೆಯ ರಟ್ಟಿನ ಟ್ರೇ ಇವುಗಳ ಮೇಲೆ. ರಟ್ಟಿನ ಟ್ರೇ ತೊಳೆಯಲು ಬರುವುದಿಲ್ಲ. ವಾಪಸು ತರಬೇಡಿ, ಪ್ಲಾಸ್ಟಿಕ್ ಟ್ರೇ ಆದರೆ ಸೋಪಿನಲ್ಲಿ ಉಜ್ಜಿ ತೊಳೆಯಿರಿ. ಸಂತೆಯಲ್ಲಿ ಬೇರೆ ಬೇರೆ ಊರಿನ ಕೋಳಿಗಳು ಒಂದೇ ಬುಟ್ಟಿಯಲ್ಲಿ ಕಾಲು ಕಟ್ಟಿಸಿಕೊಂಡು ಅರ್ಧ ದಿನ ಕಳೆಯುತ್ತವೆ. ಮಾರಾಟವಾಗದ್ದನ್ನು ಸಂಜೆ ಮನೆಗೆ ತಂದು ಹಳೇ ಗೂಡಿಗೇ ಬಿಡುವುದು ಎಲ್ಲಕ್ಕಿಂತ ಅಪಾಯದ ರೂಢಿ. ಹಾಗೆ ತಂದದ್ದನ್ನೂ, ಹೊಸದಾಗಿ ಕೊಂಡದ್ದನ್ನೂ ಕನಿಷ್ಠ 14 ದಿನ ಬೇರೆ ಗೂಡಿನಲ್ಲಿ, ಬೇರೆ ನೀರಿನ ತಟ್ಟೆ ಇಟ್ಟು, ಹಳೇ ಕೋಳಿಗಳಿಗೆ ಮೇವು ಹಾಕಿ ಮುಗಿದ ಮೇಲೆ ಕೊನೆಯಲ್ಲಿ ನೋಡಿಕೊಳ್ಳಬೇಕು. ಮೊದಲು ಹೊಸದಕ್ಕೆ ಹಾಕಿ ಆಮೇಲೆ ಹಳೆಯದರ ಹತ್ತಿರ ಹೋದರೆ ಬೇರೆ ಇಟ್ಟ ಉದ್ದೇಶವೇ ಹಾಳು.

ಕಾಫಿ, ಮೆಣಸು, ಶುಂಠಿ ಬೆಳೆಯುವವರಿಗೆ ಕೋಳಿ ಗೊಬ್ಬರದ ವಿಷಯ ಬಿಡಿಸಿ ಹೇಳಬೇಕು. ಲಾರಿಯಲ್ಲಿ ಬರುವ ಹಸಿ ಗೊಬ್ಬರದೊಳಗೆ ಹಿಕ್ಕೆ, ಪುಕ್ಕ, ಕೆಲವೊಮ್ಮೆ ಸತ್ತ ಮರಿಗಳೂ ಇರುತ್ತವೆ. ಅದನ್ನು ಇಳಿಸಿದ ದಿನವೇ ಗಿಡದ ಬುಡಕ್ಕೆ ಎರಚುವುದು ಬೇಡ. ತೇವ ಮಾಡಿ, ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ರಾಶಿ ಹಾಕಿ, ಟಾರ್ಪಾಲು ಹೊದಿಸಿದರೆ ಒಳಗೆ 55ರಿಂದ 60 ಡಿಗ್ರಿ ಬಿಸಿ ಹುಟ್ಟುತ್ತದೆ. ಆ ಬಿಸಿಯಲ್ಲಿ ವೈರಸ್ ಉಳಿಯುವುದಿಲ್ಲ. ತಪ್ಪುವುದು ಅಂಚಿನಲ್ಲಿ: ರಾಶಿಯ ಹೊರಪದರ ಬಿಸಿಯಾಗುವುದೇ ಇಲ್ಲ. ಹತ್ತು ದಿನಕ್ಕೊಮ್ಮೆ ಹೊರಗಿನದು ಒಳಗೆ ಹೋಗುವಂತೆ ಮಗುಚಿ, ಮತ್ತೆ ಮುಚ್ಚಿ, ಒಂದೂವರೆ ಎರಡು ತಿಂಗಳು ಬಿಟ್ಟು ಬಳಸಿ. ಪುಡಿಯಾಗಿ ಒಣಗಿದ ಗೊಬ್ಬರವನ್ನು ಗಾಳಿಗೆ ತೂರುವಂತೆ ಎರಚಿದರೆ ಆ ಧೂಳು ನೇರ ಉಸಿರಿಗೆ ಹೋಗುತ್ತದೆ. ನೀರು ಚಿಮುಕಿಸಿ, ಮಾಸ್ಕ್ ಹಾಕಿಯೇ ಹರಡಬೇಕು. ಕೋಳಿ ಸತ್ತ ಫಾರಂನ ಗೊಬ್ಬರ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಕೋಳಿ ಸಾಯಲು ಶುರುವಾದ ದಿನ

ಜುಟ್ಟು, ಜೋಲು ನೀಲಿಗಟ್ಟುವುದು, ತಲೆ ಮತ್ತು ಕಣ್ಣಿನ ಸುತ್ತ ಊತ, ಕಾಲಿನ ಪುಕ್ಕವಿಲ್ಲದ ಭಾಗದಲ್ಲಿ ರಕ್ತ ಹೆಪ್ಪುಗಟ್ಟಿದ ಕೆಂಪು ಮಚ್ಚೆ, ಮೊಟ್ಟೆ ಒಮ್ಮೆಲೇ ಕಡಿಮೆಯಾಗುವುದು, ಮೊಟ್ಟೆಯ ಚಿಪ್ಪು ಮೆತ್ತಗಾಗುವುದು, ಯಾವ ಲಕ್ಷಣವೂ ಇಲ್ಲದೆ ರಾತ್ರಿ ಬೆಳಗಾಗುವುದರಲ್ಲಿ ಹಲವು ಕೋಳಿ ಸತ್ತಿರುವುದು, ಇವು ಹಕ್ಕಿ ಜ್ವರದ ಗುರುತು. ಕೋಳಿಗಳಿಗೆ ಬರುವ ಇನ್ನೊಂದು ವೈರಸ್ ಕಾಯಿಲೆಯಾದ ಕೊಕ್ಕರೆ ರೋಗದಲ್ಲೂ (ರಾಣಿಖೇತ್) ಹಸಿರು ಭೇದಿ, ಏದುಸಿರು, ಕುತ್ತಿಗೆ ತಿರುಚುವುದು, ಸಾಲು ಸಾಲು ಸಾವು ಕಾಣುತ್ತದೆ. ಕಣ್ಣಿನಿಂದ ನೋಡಿ ಇದು ಅದಲ್ಲ ಎಂದು ಯಾರೂ ಹೇಳಲಾರರು, ಪಶುವೈದ್ಯರೂ ಕೂಡ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದ್ದರೆ ಅನುಮಾನ ಒಂದು ಕಡೆಗೆ ವಾಲುತ್ತದೆ ಅಷ್ಟೇ; ಲಸಿಕೆ ಹಾಕಿಸಿದ ಹಿಂಡಿನಲ್ಲಿ ದಿಢೀರ್ ಸಾವು ಕಂಡರೆ ಇನ್ನಷ್ಟು ಬೇಗ ತಿಳಿಸಬೇಕು.

ಮಲೆನಾಡಿನವರಿಗೆ ಇದು ಹೊಸ ಪಾಠವಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಬೇಕು ಎಂಬುದನ್ನು ಮಂಗನ ಕಾಯಿಲೆಯ ಕಾಲದಿಂದ ಕಲಿತಿದ್ದೇವೆ. ಕೋಳಿ, ಕಾಗೆ, ಬಾತು, ಕೊಕ್ಕರೆಗಳ ಸಾಲುಸಾವಿಗೂ ಅದೇ ನಿಯಮ. ಮಾಡಬೇಕಾದ್ದು ಸರಳ: ಉಳಿದ ಕೋಳಿಗಳನ್ನು ಗೂಡಿನೊಳಗೇ ಕೂಡಿಹಾಕಿ. ಯಾವುದನ್ನೂ ಕೊಯ್ಯಬೇಡಿ, ಮಾರಬೇಡಿ, ನೆಂಟರ ಮನೆಗೆ ಕೊಡಬೇಡಿ. ಸತ್ತದ್ದನ್ನು ಹಳ್ಳಕ್ಕೆ, ಕೆರೆಗೆ, ತಿಪ್ಪೆಗೆ ಎಸೆಯಬೇಡಿ. ನಾಯಿ, ಕಾಗೆ ಅದನ್ನು ಊರೆಲ್ಲ ಹಂಚುತ್ತವೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿ, ಎರಡು ಚೀಲದೊಳಗೆ ಕಟ್ಟಿ, ನಾಯಿ ಬೆಕ್ಕಿಗೆ ಸಿಗದ ಕಡೆ ಮುಚ್ಚಿಡಿ, ಏಕೆಂದರೆ ಪರೀಕ್ಷೆಗೆ ಅದೇ ಬೇಕು. ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಕರೆ ಮಾಡಿ. ಎಷ್ಟು ಕೋಳಿ ಇದ್ದವು, ಎಷ್ಟು ಸತ್ತವು, ಮೊದಲ ಸಾವು ಯಾವಾಗ, ಕಳೆದ ಎರಡು ವಾರದಲ್ಲಿ ಎಲ್ಲಿಂದ ಕೋಳಿ ಅಥವಾ ಮೇವು ತಂದಿರಿ, ಯಾರ್ಯಾರು ಮುಟ್ಟಿದ್ದಾರೆ, ಈ ಐದನ್ನು ಬರೆದಿಟ್ಟುಕೊಂಡು ಹೇಳಿದರೆ ಬಹಳ ಸಮಯ ಉಳಿಯುತ್ತದೆ.

ಪಶುವೈದ್ಯರು ಗಂಟಲು ಮತ್ತು ಗುದದ್ವಾರದ ಸ್ರಾವ ತೆಗೆದು, ಅಥವಾ ಸತ್ತ ಹಕ್ಕಿಯನ್ನೇ ಮಂಜುಗಡ್ಡೆಯ ಡಬ್ಬಿಯಲ್ಲಿ ಇಟ್ಟು ಕಳಿಸುತ್ತಾರೆ. ಹಕ್ಕಿ ಜ್ವರ ಹೌದೋ ಅಲ್ಲವೋ ಎಂದು ಅಂತಿಮವಾಗಿ ಹೇಳುವುದು ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿರೋಗ ಸಂಸ್ಥೆ. ದೃಢಪಟ್ಟರೆ ಆ ಜಾಗದಿಂದ ಸುತ್ತಲೂ 1 ಕಿಲೋಮೀಟರ್ ದೂರದವರೆಗೆ ಸೋಂಕಿತ ವಲಯ, 10 ಕಿಲೋಮೀಟರ್‌ವರೆಗೆ ಕಣ್ಗಾವಲು ವಲಯ. ಸೋಂಕಿತ ವಲಯದ ಕೋಳಿಗಳನ್ನೆಲ್ಲ ಕೊಂದು ಹೂಳುತ್ತಾರೆ. ಉದ್ದ, ಅಗಲ, ಆಳ ತಲಾ ಎರಡು ಮೀಟರ್ ಇರುವ ಒಂದು ಗುಂಡಿಗೆ ಸುಮಾರು 1,800 ಕೋಳಿ ಹಿಡಿಯುತ್ತವೆ. ಮೇಲೆ ಸುಣ್ಣ, ಅದರ ಮೇಲೆ ಕನಿಷ್ಠ 40 ಸೆಂಟಿಮೀಟರ್ ಮಣ್ಣು. ಬಾವಿ, ಹಳ್ಳ, ಅಂತರ್ಜಲ ಮೇಲೇ ಇರುವ ಗದ್ದೆ ಬಯಲು ಇದಕ್ಕೆ ಆಗದು. ಮಲೆನಾಡಿನಲ್ಲಿ ಜಾಗ ಹುಡುಕುವುದೇ ದೊಡ್ಡ ಕೆಲಸವಾಗುವುದರಿಂದ ಗ್ರಾಮ ಪಂಚಾಯಿತಿ ಮೊದಲೇ ಒಂದು ಜಾಗ ಗುರುತಿಸಿಟ್ಟಿರುವುದು ಒಳ್ಳೆಯದು.

ಪರಿಹಾರದ ವಿಷಯ ಎಲ್ಲರೂ ತಿಳಿದಿರಬೇಕು. ಕೇಂದ್ರ, ರಾಜ್ಯ ಸರ್ಕಾರಗಳು ಅರ್ಧರ್ಧ ಹೊರುವ ಈ ಹಣ ಸಿಗುವುದು ಇಲಾಖೆಯವರು ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆ ಮತ್ತು ಮೇವಿಗೆ. ಅದಕ್ಕೆ ಮೊದಲೇ ಸತ್ತದ್ದಕ್ಕೆ ಇಲ್ಲ. ಒಂದು ವಾರ ಮುಚ್ಚಿಟ್ಟು ಅರ್ಧ ಹಿಂಡು ಸತ್ತ ಮೇಲೆ ಹೇಳಿದವರಿಗೆ ಅರ್ಧದ ಹಣವೂ ಹೋಗುತ್ತದೆ. ಬೇಗ ಹೇಳಿದವರಿಗೆ ನಷ್ಟ ಕಡಿಮೆ, ಊರಿಗೂ ಒಳ್ಳೆಯದು.

ಬ್ಲೀಚಿಂಗ್ ಪೌಡರ್ ಕೆಲಸ ಮಾಡದಿರುವುದು ಎಲ್ಲಿ

ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ. ಸೋಪು, ಬಟ್ಟೆ ಒಗೆಯುವ ಪುಡಿ, ಸ್ಯಾನಿಟೈಸರ್ ಎಲ್ಲವೂ ಆ ಹೊದಿಕೆಯನ್ನು ಕರಗಿಸಿ ಅದನ್ನು ಕೊಲ್ಲುತ್ತವೆ. ಕ್ಲೋರಿನ್ ಕೂಡ ಕೊಲ್ಲುತ್ತದೆ, ಆದರೆ ಹಿಕ್ಕೆ, ಮಣ್ಣು, ಹೊಟ್ಟಿನ ಮೇಲೆ ಸುರಿದರೆ ಕ್ಲೋರಿನ್ ಅವುಗಳ ಜೊತೆಯೇ ವರ್ತಿಸಿ ಮುಗಿದುಹೋಗುತ್ತದೆ, ವೈರಸ್ ಹಾಗೇ ಉಳಿಯುತ್ತದೆ. ಆದ್ದರಿಂದ ಮೊದಲು ಸೋಪಿನ ನೀರು ಚಿಮುಕಿಸಿ ನೆನೆಸಿ, ಕೆರೆದು ತೆಗೆದು, ಉಜ್ಜಿ ತೊಳೆದು, ಆಮೇಲೆ ಬ್ಲೀಚಿಂಗ್ ದ್ರಾವಣ. ಒಣ ಪೊರಕೆಯಲ್ಲಿ ಗುಡಿಸುವುದು ಖಂಡಿತ ಬೇಡ. ಆ ಧೂಳೇ ಉಸಿರಿನ ದಾರಿ.

ಶೇಕಡ 33ರಷ್ಟು ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪೌಡರ್ ಆದರೆ 10 ಲೀಟರ್ ನೀರಿಗೆ 150 ಗ್ರಾಂ ಹಾಕಿದರೆ ಶೇಕಡ 0.5ರ ದ್ರಾವಣ ಸಿಗುತ್ತದೆ. ಕ್ರೇಟು, ಸಿಮೆಂಟ್ ನೆಲ, ಚಾಕುವಿಗೆ ಇದು ಸಾಕು. ಹತ್ತು ನಿಮಿಷವಾದರೂ ಒದ್ದೆಯಾಗಿರಬೇಕು. ಬಾಯಿ ಬಿಚ್ಚಿಟ್ಟ ಮೂಟೆ ಮಳೆಗಾಲದಲ್ಲಿ ಕೆಲವೇ ವಾರದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಘಾಟು ಇಲ್ಲದ ಪುಡಿಯನ್ನು ನಂಬಬೇಡಿ. ಕಲಸಿದ ದಿನವೇ ಬಳಸಿ ಮುಗಿಸಿ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಸೇರಿಸಿದರೆ ವಿಷಗಾಳಿ ಏಳುತ್ತದೆ. ಮಣ್ಣಿನ ನೆಲಕ್ಕೆ ಬ್ಲೀಚಿಂಗ್ ಹಾಕುವುದು ವ್ಯರ್ಥ. ಮೇಲ್ಪದರ ಕೆರೆದು ತೆಗೆದು ಸುಣ್ಣ ಹರಡಿ.

ಈ ಕೆಲಸಕ್ಕೆ ಇಳಿಯುವವರಿಗೆ ಎನ್95 ಮಾಸ್ಕ್, ಕೈಗವಸು, ಗಂಬೂಟು, ತೋಟದಲ್ಲಿ ಔಷಧಿ ಹೊಡೆಯುವಾಗ ಹಾಕುವ ಕನ್ನಡಕ ಬೇಕು. ಕಣ್ಣನ್ನು ಎಲ್ಲರೂ ಮರೆಯುತ್ತಾರೆ. ಬಿಚ್ಚುವ ಕ್ರಮವೂ ಮುಖ್ಯ: ಮೊದಲು ಕೈಗವಸು, ಕೈ ತೊಳೆದು ಕನ್ನಡಕ, ಕೊನೆಗೆ ಮಾಸ್ಕ್, ಮತ್ತೆ ಕೈ ತೊಳೆಯುವುದು. ಕೈಗವಸಿನಲ್ಲೇ ಮಾಸ್ಕ್ ಎಳೆದು ತೆಗೆದರೆ ಇಡೀ ದಿನ ಹೊರಗಿಟ್ಟದ್ದನ್ನು ಕೊನೆಯ ಕ್ಷಣದಲ್ಲಿ ಮುಖಕ್ಕೆ ಸವರಿಕೊಂಡಂತೆ.

ಅಡುಗೆಮನೆಯ ಮಾತು ಚಿಕ್ಕದು. ಮಾಂಸದ ಒಳಗಿನ ಬಿಸಿ 70 ಡಿಗ್ರಿ ದಾಟಿದರೆ ವೈರಸ್ ಇಲ್ಲ. ಮೂಳೆಯ ಹತ್ತಿರ ಕೆಂಪು ಉಳಿಯದಷ್ಟು ಬೇಯಿಸಿ. ಹಸಿ ಮಾಂಸವನ್ನು ನಲ್ಲಿಯ ಕೆಳಗೆ ಜೋರಾಗಿ ತೊಳೆದರೆ ಹನಿ ಸುತ್ತಲೂ ಸಿಡಿಯುತ್ತದೆ, ಪಾತ್ರೆಯಲ್ಲಿ ನೀರು ಹಾಕಿ ಮೆಲ್ಲಗೆ ತೊಳೆಯಿರಿ. ಹಸಿ ಮಾಂಸ ಕತ್ತರಿಸಿದ ಈಳಿಗೆ ಮಣೆಯಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚಬೇಡಿ. ಹಾಫ್ ಬಾಯಿಲ್, ಹಾಲಿಗೆ ಹಸಿ ಮೊಟ್ಟೆ ಒಡೆದು ಕುಡಿಯುವುದು ಈ ದಿನಗಳಲ್ಲಿ ಬಿಡಿ.

ಮುಟ್ಟಿದವರಿಗೆ ಜ್ವರ ಬಂದರೆ

ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 5 ದಿನ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಹಾಗಾಗಿ ಕಾಯಿಲೆ ಕೋಳಿಯನ್ನು ಕೊನೆಯ ಸಲ ಮುಟ್ಟಿದ ದಿನದಿಂದ 10 ದಿನ ಬೆಳಗ್ಗೆ ಸಂಜೆ ಜ್ವರ ನೋಡಿಕೊಳ್ಳಬೇಕು. ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು, ಕಣ್ಣು ಕೆಂಪು, ಇವುಗಳಲ್ಲಿ ಯಾವುದು ಬಂದರೂ ಮನೆಯಲ್ಲಿ ಪ್ರತ್ಯೇಕ ಇದ್ದು, ಮಾಸ್ಕ್ ಹಾಕಿಕೊಂಡು ಆಸ್ಪತ್ರೆಗೆ ಹೋಗಿ. ಉಸಿರಾಟ ವೇಗವಾದರೆ ಕಾಯುವಂತಿಲ್ಲ, ಜಿಲ್ಲಾ ಆಸ್ಪತ್ರೆಗೇ ಹೋಗಬೇಕು.

ವೈದ್ಯರಿಗೆ ಮೊದಲ ವಾಕ್ಯದಲ್ಲೇ ‘ಸತ್ತ ಕೋಳಿ ಮುಟ್ಟಿದ್ದೆ’ ಎಂದು ಹೇಳಿ. ಆ ಮಾತಿಲ್ಲದಿದ್ದರೆ ಇದು ಮಾಮೂಲಿ ವೈರಲ್ ಜ್ವರದಂತೆಯೇ ಕಾಣುತ್ತದೆ. ಸಾಧಾರಣ ತ್ವರಿತ ಪರೀಕ್ಷೆ ಇನ್‌ಫ್ಲುಯೆಂಜಾ ‘ಎ’ ಎಂದಷ್ಟೇ ತೋರಿಸೀತು, ಎಚ್5 ಹೌದೋ ಎಂದು ಹೇಳಲಾರದು. ನೆಗೆಟಿವ್ ಬಂದರೂ ಅನುಮಾನ ತೀರುವುದಿಲ್ಲ. ಮೂಗು, ಗಂಟಲಿನ ಸ್ರಾವವನ್ನು ಆರ್‌ಟಿ-ಪಿಸಿಆರ್‌ನಲ್ಲಿ ಬಗೆ ಗುರುತಿಸುವ ಪರೀಕ್ಷೆಗೆ ಕಳಿಸಬೇಕು, ಕಣ್ಣು ಕೆಂಪಾಗಿದ್ದರೆ ಕಣ್ಣಿನ ಸ್ರಾವವನ್ನೂ. ಮನುಷ್ಯರ ಮಾದರಿಗಳ ದೃಢೀಕರಣ ನಡೆಯುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ.

ಔಷಧಿ ಒಸೆಲ್ಟಾಮಿವಿರ್. ನ್ಯೂರಾಮಿನಿಡೇಸ್ ಕೆಲಸ ಮಾಡದಂತೆ ತಡೆದು, ಹೊಸ ವೈರಸ್‌ಗಳು ಕೋಶದಿಂದ ಕಳಚಿಕೊಳ್ಳದಂತೆ ಮಾಡುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 75 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಐದು ದಿನ. ಮಕ್ಕಳಿಗೆ ತೂಕದ ಪ್ರಕಾರ, ಮೂತ್ರಪಿಂಡದ ತೊಂದರೆ ಇರುವವರಿಗೆ ಕಡಿಮೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ, ಅನುಮಾನ ಬಲವಾಗಿದ್ದರೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ವೈದ್ಯರು ಶುರು ಮಾಡುತ್ತಾರೆ. ತಾವಾಗಿಯೇ ಮೆಡಿಕಲ್‌ನಿಂದ ತಂದು ನುಂಗುವುದು, ಅದಕ್ಕಿಂತ ಕೆಟ್ಟದ್ದಾಗಿ ಕೋಳಿಯ ನೀರಿಗೆ ಕಲಸುವುದು ಔಷಧಿಗೆ ಬಗ್ಗದ ವೈರಸ್ಸನ್ನು ಬೆಳೆಸುತ್ತದೆ.

ಕೋಳಿ ಫಾರಂ, ಚಿಕನ್ ಅಂಗಡಿ, ಹಂದಿ ಸಾಕಣೆಯಲ್ಲಿ ದುಡಿಯುವವರು ಪ್ರತಿವರ್ಷ ಮಾಮೂಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು. ಅದು ಎಚ್5ಎನ್1 ತಡೆಯುವುದಿಲ್ಲ. ಒಬ್ಬನೇ ಮನುಷ್ಯನ ಮೈಯಲ್ಲಿ ಅವನ ಫ್ಲೂ ಮತ್ತು ಕೋಳಿಯ ಫ್ಲೂ ಒಟ್ಟಿಗೆ ಸೇರುವುದನ್ನು ಅದು ಕಡಿಮೆ ಮಾಡುತ್ತದೆ. ಮಾಮೂಲಿ ಫ್ಲೂ ಏರುವ ಜನವರಿ–ಮಾರ್ಚ್, ವಲಸೆ ಬಾತುಗಳು ಇನ್ನೂ ನಮ್ಮ ಕೆರೆಗಳಲ್ಲಿರುವ ಕಾಲವೇ ಆಗಿರುವುದರಿಂದ ಅದಕ್ಕೆ ಮೊದಲೇ, ಅಕ್ಟೋಬರ್–ನವೆಂಬರ್ ಹೊತ್ತಿಗೆ, ಲಸಿಕೆ ಹಾಕಿಸಿಕೊಂಡಿದ್ದರೆ ಸರಿ.